60 ಪುಟದ ವರದಿ ಬೇಡ, 300 ಸಾಲಿನ ಕೋಡ್ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜಿನ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್‌ಗಳನ್ನು ದುಡ್ಡು ಕೊಟ್ಟು ತರುತ್ತಾರೆ, ಈಗಿನವರಿಗೆ ಮೈ ಬಗ್ಗುವುದಿಲ್ಲ ಎಂದು ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಪ್ರಾಜೆಕ್ಟ್‌ಗಳಿಗೆ ರಟ್ಟು ಹಾಕುವವಳು ನಾನು. ಹಾಗಾಗಿ ನನ್ನ ಕಡೆಯಿಂದಲೂ ನಾಲ್ಕು ಮಾತಿದೆ. ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಹಾಸನದ ಪೇಟೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್, ಬೈಂಡಿಂಗ್ ಅಂಗಡಿ. ಮೊದಲು ಅದೇ ಜಾಗದಲ್ಲಿ ನಮ್ಮಪ್ಪನ ಟ್ರೆಡಲ್ ಪ್ರೆಸ್ ಇತ್ತು. ಏಪ್ರಿಲ್, ಮೇ ಬಂತೆಂದರೆ ಹಾಸನ, ಅರಸೀಕೆರೆ, ಸಕಲೇಶಪುರ, ಚನ್ನರಾಯಪಟ್ಟಣದ ಮಕ್ಕಳು ಪೆನ್ ಡ್ರೈವ್ ಹಿಡಿದು ನಿಲ್ಲುತ್ತಾರೆ. 60 ಪುಟ, 4 ಪ್ರತಿ, ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಆ ಎರಡು ತಿಂಗಳ ದುಡಿಮೆ ಇಲ್ಲದಿದ್ದರೆ ಅಂಗಡಿಯ ಬಾಡಿಗೆ ಕಟ್ಟುವುದು ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ವರ್ಷ ಒಬ್ಬ ಹುಡುಗ ಬಂದ. "ಅಕ್ಕಾ, ಫ್ರಂಟ್ ಪೇಜು, ಸರ್ಟಿಫಿಕೇಟ್ ಪೇಜು ಎರಡೇ ಬದಲಾಯಿಸಿಕೊಡಿ" ಅಂದ. ಡೇಟಾ ಕಂಪ್ರೆಶನ್, ಅಂದರೆ ಫೈಲ್‌ಗಳನ್ನು ಹಿಂಡಿ ಚಿಕ್ಕದು ಮಾಡುವುದರ ಬಗ್ಗೆ ಪ್ರಾಜೆಕ್ಟ್. ಪುಟ ತಿರುಗಿಸಿದರೆ ಎಲ್ಲೋ ನೋಡಿದ ಹಾಗಿದೆ. ಒಂದು ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಕಂಪ್ಯೂಟರ್ ಗಡಿಯಾರ ಹಿಂದಿನ ವರ್ಷದ ತಾರೀಕು ತೋರಿಸುತ್ತಿತ್ತು. ಹಿಂದಿನ ವರ್ಷ ಅದೇ ವರದಿಗೆ ನಾನೇ ರಟ್ಟು ಹಾಕಿದ್ದೆ! "ಏನಪ್ಪಾ, ಇದರಲ್ಲಿ ಟೋಕನ್, ಟೋಕನ್ ಅಂತ ಇದೆಯಲ್ಲ, ಏನದು?" ಎಂದು ಕೇಳಿದೆ. "ಬ್ಯಾಂಕಲ್ಲಿ ಕೊಡ್ತಾರಲ್ಲ ಅಕ್ಕಾ, ಆ ಥರ ಏನೋ" ಅಂದ. ನನಗೆ ನಗು ಬಂತು. ಅವನು ಹೋದ ಮೇಲೆ ಹೊಳೆಯಿತು, ಅದು ಏನೆಂದು ನನಗೂ ಗೊತ್ತಿಲ್ಲ.

ನಾನು 1998ರಲ್ಲಿ ಡಿಪ್ಲೊಮಾ ಮುಗಿಸಿದವಳು. ನೀಲಿ ಪರದೆಯ ಟರ್ಬೊ ಸಿ ಕಾಲದವಳು. ಮದುವೆ, ಮಗು, ಅಂಗಡಿ ಎಂದು ಪ್ರೋಗ್ರಾಂ ಬರೆಯುವ ಆ ಸಿ ಭಾಷೆಯೆಲ್ಲ ಮರೆತೇ ಹೋಗಿತ್ತು. ಆ ವರದಿಯಲ್ಲಿದ್ದ ಹೆಸರು ಎಲ್‌ಜೆಡ್4, ಫೈಲ್ ಹಿಂಡುವ ಒಂದು ವಿಧಾನ. ಹುಡುಕಿ ನೋಡಿದೆ. ಯಾನ್ ಕೊಲೆಟ್ ಎಂಬುವವರು 2011ರಲ್ಲಿ ಬಿಡುಗಡೆ ಮಾಡಿದ್ದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ 2013ರಿಂದ ಇದೆ. ಇಷ್ಟು ದೊಡ್ಡ ಕಡೆ ಬಳಕೆಯಾಗುವ ವಿಧಾನದ ವಿವರಣೆ ಎಷ್ಟು ಪುಟ ಇರಬಹುದು ಅಂದುಕೊಂಡಿರಿ? ಬ್ಲಾಕ್, ಅಂದರೆ ಒಂದು ಸಲಕ್ಕೆ ಹಿಂಡುವ ತುಂಡು, ಅದರ ವಿವರಣೆ ಪ್ರಿಂಟ್ ತೆಗೆದರೆ ಬೆರಳೆಣಿಕೆಯ ಪುಟ. ಹಾಸನಾಂಬೆ ದರ್ಶನದ ದಿನಗಳಲ್ಲಿ ನಮ್ಮ ಬೀದಿಯ ತುಂಬ ಜನ, ಆದರೆ ಅಂಗಡಿಗೆ ಬರುವವರು ಯಾರೂ ಇಲ್ಲ. ಆಗ ಕೂತು ಓದಿದೆ. ಆಮೇಲೆ ಸಿ ಭಾಷೆಯಲ್ಲಿ ನಾನೇ ಬರೆಯಲು ಕೂತೆ.

ಓದುತ್ತಾ ಓದುತ್ತಾ ಅಪ್ಪನ ಪ್ರೆಸ್ ನೆನಪಾಯಿತು. ಮದುವೆ ಸೀಸನ್‌ನಲ್ಲಿ ಅಪ್ಪ ಕೆಲವು ಸಾಲುಗಳ ಅಚ್ಚುಮೊಳೆಗಳನ್ನು ಬಿಚ್ಚುತ್ತಲೇ ಇರಲಿಲ್ಲ. "ಶ್ರೀಮತಿ ಮತ್ತು ಶ್ರೀ", "ಆಶೀರ್ವಾದವೇ ಉಡುಗೊರೆ", ಇಂಥವನ್ನು ದಾರ ಸುತ್ತಿ ಗ್ಯಾಲಿ ಎಂಬ ತಟ್ಟೆಯ ಮೇಲೆ ಹಾಗೇ ಇಟ್ಟಿರುತ್ತಿದ್ದರು. ಹೊಸ ಮದುವೆ ಪತ್ರಿಕೆ ಬಂದರೆ ಗಂಡು, ಹೆಣ್ಣು, ಊರು, ಮುಹೂರ್ತ ಮಾತ್ರ ಹೊಸದಾಗಿ ಜೋಡಿಸುವುದು. ಉಳಿದದ್ದು ಕಟ್ಟಿಟ್ಟ ಮ್ಯಾಟರ್. ಎಲ್‌ಜೆಡ್4 ಮಾಡುವುದೂ ಇಷ್ಟೇ. ಹೊಸ ಮಾತು ಬಂದರೆ ಹಾಗೇ ಬರೆಯುತ್ತದೆ. ಹಳೇ ಮಾತು ಬಂದರೆ "ಇಷ್ಟು ಬೈಟ್ ಹಿಂದೆ ಹೋಗು, ಅಲ್ಲಿಂದ ಇಷ್ಟು ಎತ್ತಿಕೋ" ಎಂದು ಬರೆಯುತ್ತದೆ. ಬೈಟ್ ಎಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುವ ಜಾಗ, 8 ಬಿಟ್‌ಗೆ ಒಂದು ಬೈಟ್. ಈ ಉಪಾಯದ ಬೇರು 1977ರಲ್ಲಿ ಅಬ್ರಹಾಂ ಲೆಂಪೆಲ್, ಜೇಕಬ್ ಝಿವ್ ಇಬ್ಬರೂ ಸೇರಿ ಪ್ರಕಟಿಸಿದ ವಿಧಾನದಲ್ಲಿದೆ. ಹೆಸರಿನಲ್ಲಿರುವ ಎಲ್ ಮತ್ತು ಜೆಡ್ ಅವರದೇ. ಇಬ್ಬರೂ 2023ರಲ್ಲಿ, ಎರಡು ತಿಂಗಳಿಗೂ ಕಡಿಮೆ ಅಂತರದಲ್ಲಿ ತೀರಿಕೊಂಡರು.

ಟೋಕನ್ ಎಂದರೆ ಒಂದೇ ಒಂದು ಬೈಟ್. ಚೀಟಿ ಅಂದುಕೊಳ್ಳಿ. ಅದನ್ನು ಎರಡು ಅರ್ಧ ಮಾಡಿದ್ದಾರೆ. ಮೇಲಿನ ಅರ್ಧ, ಹೊಸ ಬೈಟ್ ಎಷ್ಟು ಎನ್ನುವುದಕ್ಕೆ. ಕೆಳಗಿನ ಅರ್ಧ, ಹಳೇದರಿಂದ ಎಷ್ಟು ಎತ್ತಬೇಕು ಎನ್ನುವುದಕ್ಕೆ. ಚೀಟಿ ಆದ ಮೇಲೆ ಹೊಸ ಬೈಟ್‌ಗಳು, ಅವು ಮುಗಿದ ಮೇಲೆ "ಎಷ್ಟು ಹಿಂದೆ" ಎನ್ನುವ ಎರಡು ಬೈಟ್. ಮತ್ತೆ ಮುಂದಿನ ಚೀಟಿ. ಬ್ಲಾಕ್ ಮುಗಿಯುವವರೆಗೂ ಇದೇ. ಜಿಪ್ ಫೈಲ್‌ನಲ್ಲಿ ಇದರ ಮೇಲೆ ಹಫ್‌ಮನ್ ಅಂತ ಇನ್ನೊಂದು ಸುತ್ತು ಹಿಂಡುತ್ತಾರೆ. ಅಲ್ಲಿ ಬಿಟ್ ಬಿಟ್ ಲೆಕ್ಕ. ಇಲ್ಲಿ ಅದಿಲ್ಲ, ಹಿಂಡುವುದು ಕಡಿಮೆ, ಓಟ ಜಾಸ್ತಿ. ಹಿಂಡಿದ್ದನ್ನು ಮತ್ತೆ ಬಿಚ್ಚುವ ಪ್ರೋಗ್ರಾಂಗೆ ನಕಲು ಮಾಡುವುದು ಬಿಟ್ಟರೆ ಹೆಚ್ಚು ಕೆಲಸವೇ ಇಲ್ಲ.

ಕನ್ನಡಕ್ಕೆ ಇದು ಹೇಗೆ ಹೊಂದುತ್ತದೆ ಎಂದು ನೋಡಿದ್ದು ನನಗೆ ಬಹಳ ಖುಷಿ ಕೊಟ್ಟ ಭಾಗ. ನನ್ನ ಹಳೇ ಪತ್ರಿಕೆಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿದ್ದವು. ಅದರಲ್ಲಿ ಅಕ್ಷರದ ಒಂದೊಂದು ತುಂಡಿಗೆ ಒಂದು ಬೈಟ್. ಎಲ್ಲ ಭಾಷೆಗೂ ಒಂದೇ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸಿದಾಗ ಫೈಲ್‌ಗಳು ಊದಿಕೊಂಡವು. ಯಾಕೆಂದರೆ ಯೂನಿಕೋಡನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರ ಚಿಹ್ನೆಗೂ 3 ಬೈಟ್ ಬೇಕು. "ಹಾಸನ" 12 ಬೈಟ್. "ಚಿಕ್ಕಮಗಳೂರು" 33 ಬೈಟ್. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178, ಇಲ್ಲವೇ 179. ನಿಜವಾದ ಸುದ್ದಿ ಇರುವುದು ಮೂರನೆಯದರಲ್ಲಿ. ಅಂದರೆ ಕನ್ನಡದ ಯಾವ ಫೈಲ್ ತೆಗೆದರೂ ಅದರ ತುಂಬ ಒಂದೇ ಮಾತು ಮತ್ತೆ ಮತ್ತೆ.

"ಶ್ರೀಮತಿ ಮತ್ತು ಶ್ರೀ" ಎನ್ನುವುದನ್ನೇ ತೆಗೆದುಕೊಳ್ಳಿ. ಒಟ್ಟು 50 ಬೈಟ್. "ಶ್ರೀಮತಿ"ಯಲ್ಲಿ "ಮತ" ಇದೆ, "ಮತ್ತು"ವಿನಲ್ಲೂ "ಮತ" ಇದೆ. ಎರಡನೇ "ಮ" ಬಂದಾಗ ಪ್ರೋಗ್ರಾಂ 10 ಬೈಟ್ ಹಿಂದೆ ನೋಡುತ್ತದೆ. ಎರಡು ಅಕ್ಷರಕ್ಕೆ 6 ಬೈಟ್ ಹೊಂದಬೇಕು ಅಲ್ವಾ? ಹೊಂದುವುದು 7. ಏಳನೆಯದು ಮುಂದಿನ ಚಿಹ್ನೆಯ 224. ಒಂದು ಕಡೆ ಗುಡಿಸು, ಇನ್ನೊಂದು ಕಡೆ ಒತ್ತಕ್ಷರದ ಗುರುತು, ಆದರೂ ತಲೆ ಒಂದೇ! ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಹಾಕಿ ಎತ್ತಿಕೊಂಡು ಹೋಗುತ್ತದೆ. ಅಪ್ಪನ ಅಚ್ಚುಮೊಳೆಯಲ್ಲಿ ಹೀಗೆ ಮಾಡಲು ಸಾಧ್ಯವಿರಲಿಲ್ಲ.

ಚೀಟಿಯಲ್ಲಿ ಏನು ಬರೆಯುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಿದೆ. ಮೊದಲ 22 ಬೈಟ್ ಹೊಸದು. ಅರ್ಧ ಬೈಟ್‌ನಲ್ಲಿ 15ರವರೆಗೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಅಲ್ಲಿ 15 ಬರೆದು, ಪಕ್ಕದ ಬೈಟ್‌ನಲ್ಲಿ ಉಳಿದ 7. ಹಳೇದು 7 ಬೈಟ್. ಆದರೆ 4ಕ್ಕಿಂತ ಕಡಿಮೆ ಎತ್ತುವ ಹಾಗಿಲ್ಲ ಎಂಬ ನಿಯಮ ಇರುವುದರಿಂದ 4 ಕಳೆದು 3 ಎಂದು ಬರೆಯುವುದು. 15ನ್ನು 16ರಿಂದ ಗುಣಿಸಿ 3 ಕೂಡಿಸಿದರೆ ಚೀಟಿಯ ಬೆಲೆ 243. ನನ್ನ ಪ್ರೋಗ್ರಾಂ ಮೊದಲ ಸಲ ಓಡಿದಾಗ ಮೊದಲ ಬೈಟ್ 243 ಎಂದೇ ಬಂತು. ರಾತ್ರಿ ಹತ್ತೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಯಾರಿಗೆ ಹೇಳುವುದು?

4ರ ನಿಯಮ ಯಾಕೆ ಎನ್ನುವುದೂ ಅಲ್ಲೇ ಗೊತ್ತಾಯಿತು. ಹಳೇದನ್ನು ತೋರಿಸಲು ಚೀಟಿ ಒಂದು, "ಎಷ್ಟು ಹಿಂದೆ" ಎರಡು, ಒಟ್ಟು 3 ಬೈಟ್ ಖರ್ಚು. 3 ಬೈಟ್ ಉಳಿಸಲು 3 ಬೈಟ್ ಖರ್ಚು ಮಾಡುವ ವ್ಯಾಪಾರ ಯಾರಿಗೆ ಬೇಕು?

ಇನ್ನು ಹಳೇದನ್ನು ಹುಡುಕುವುದು ಹೇಗೆ? ಎಲ್ಲವನ್ನೂ ತಡಕಾಡುತ್ತಾ ಕೂತರೆ ಬೆಳಗಾಗುತ್ತದೆ. ನನ್ನ ಅಂಗಡಿಯಲ್ಲಿ ಪತ್ರಿಕೆಯ ಸ್ಯಾಂಪಲ್ ಇಡುವ ಗೂಡುಗಳಿವೆ. ಒಂದು ಗೂಡಿನಲ್ಲಿ ಒಂದೇ, ಹೊಸದು ಬಂದರೆ ಹಳೇದು ಹೊರಗೆ. ಇಲ್ಲೂ ಅದೇ ಥರ. ಮುಂದಿನ 4 ಬೈಟ್ ಸೇರಿಸಿ ಒಂದು ಸಂಖ್ಯೆ ಮಾಡುವುದು. ಅದನ್ನು 265 ಕೋಟಿ 44 ಲಕ್ಷ 35 ಸಾವಿರದ 761ರಿಂದ ಗುಣಿಸುವುದು. ಅದರಲ್ಲಿ ಕೆಳಗಿನ 32 ಬಿಟ್ ಉಳಿಸಿಕೊಂಡು, ಆ 32ರಲ್ಲಿ ಮೇಲಿನ ಕೆಲವು ಬಿಟ್‌ಗಳೇ ಗೂಡಿನ ನಂಬರ್. ಆ ಗೂಡಿನಲ್ಲಿ ಕೊನೆಯ ಸಲ ಎಲ್ಲಿ ಸಿಕ್ಕಿತ್ತು ಎಂದು ಬರೆದಿರುತ್ತದೆ. ಬೇರೆ ಬೇರೆ ಮಾತುಗಳೂ ಒಂದೇ ಗೂಡಿಗೆ ಬೀಳಬಹುದು. ಹಾಗಾಗಿ ನಿಜವಾಗಿಯೂ ಹೊಂದುತ್ತದಾ ಎಂದು ಮತ್ತೆ ನೋಡಲೇಬೇಕು. ಆ ಸಂಖ್ಯೆಯೇ ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದೆ. 2ರ 32ನೇ ಘಾತವನ್ನು ಸುವರ್ಣ ಅನುಪಾತದಿಂದ (ಸುಮಾರು 1.618) ಭಾಗಿಸಿದರೆ ಬರುವುದರ ಅಕ್ಕಪಕ್ಕದ ಅವಿಭಾಜ್ಯ ಸಂಖ್ಯೆಯಂತೆ. ಅದರಿಂದ ಗುಣಿಸಿದರೆ ಎಲ್ಲ ಗೂಡುಗಳಿಗೂ ಚೆನ್ನಾಗಿ ಹರಡುತ್ತದೆ.

ತಪ್ಪುಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಬರೆದು ಪ್ರಯೋಜನವಿಲ್ಲ.

ಮೊದಲನೆಯದು, ಪತ್ರಿಕೆಯ ನಡುವೆ ಹಾಕುವ ಗೆರೆ. 60 ಅಡ್ಡಗೆರೆ ಸಾಲಾಗಿ, ಒಂದೊಂದಕ್ಕೂ ಒಂದೇ ಬೈಟ್. ಇದನ್ನು ಎಲ್‌ಜೆಡ್4 "ಒಂದು ಗೆರೆ ಹೊಸದು, 1 ಬೈಟ್ ಹಿಂದೆ ಹೋಗಿ 59 ಎತ್ತಿಕೋ" ಎಂದು ಬರೆಯುತ್ತದೆ. ಹಿಂದೆ ಇರುವುದೇ ಒಂದು, 59 ಎಲ್ಲಿಂದ ಬರಬೇಕು? ಬಿಚ್ಚುವಾಗ ನಾನು ಸಿ ಭಾಷೆಯ ಮೆಮ್‌ಕಾಪಿ ಎಂಬ ಫಂಕ್ಷನ್ ಬಳಸಿದ್ದೆ. ಅದು ಒಟ್ಟಿಗೇ ಎತ್ತಲು ಹೋಗಿ ಒಂದು ಗೆರೆ, ಆಮೇಲೆ ಕಸ ಕೊಟ್ಟಿತು. ಒಂದೊಂದೇ ಬೈಟ್ ನಕಲು ಮಾಡಬೇಕು. ಈಗಷ್ಟೇ ಬರೆದದ್ದನ್ನೇ ಮುಂದಿನ ಸಲ ಓದಬೇಕು. ಎರಡೇ ಹಲಗೆ ಇಟ್ಟುಕೊಂಡು ಕೆಸರುಗದ್ದೆ ದಾಟುವುದನ್ನು ನೆನೆಸಿಕೊಳ್ಳಿ, ಹಿಂದಿನದನ್ನು ಎಳೆದು ಮುಂದೆ ಹಾಕಿ, ಅದರ ಮೇಲೆ ನಿಂತು ಮತ್ತೆ ಹಿಂದಿನದನ್ನು ಎಳೆದು. ಹಾಗೆ. ಇದು ತಿಳಿಯಲು ನನಗೆ ಮೂರು ದಿನ ಬೇಕಾಯಿತು.

ಎರಡನೆಯದು, ಸರಿಯಾಗಿ 15 ಬಂದಾಗ. ಚೀಟಿಯಲ್ಲಿ 15 ಎಂದರೆ "ಪಕ್ಕದ ಬೈಟ್ ಕೂಡಿಸಿಕೋ" ಎಂದು ಅರ್ಥ. ಆ ಬೈಟ್ 255 ಆದರೆ ಅದರ ಪಕ್ಕದ್ದನ್ನೂ ಕೂಡಿಸಬೇಕು. ಹೊಸ ಬೈಟ್ ಸರಿಯಾಗಿ 15 ಇದ್ದರೆ ಪಕ್ಕದಲ್ಲಿ 0 ಎಂದಾದರೂ ಬರೆಯಲೇಬೇಕು. 270 ಇದ್ದರೆ 255, ಆಮೇಲೆ 0. ನಾನು ಸೊನ್ನೆಯನ್ನು ಯಾರು ಬರೆಯುತ್ತಾರೆ ಎಂದು ಬಿಟ್ಟಿದ್ದೆ. ಎಲ್ಲ ಫೈಲ್ ಸರಿ ಬರುತ್ತಿತ್ತು, ಎಲ್ಲೋ ಒಂದು ಮಾತ್ರ ಹಾಳು. ಇಂಥ ತಪ್ಪು ಸಿಗುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಬ್ಲಾಕ್‌ನ ಕೊನೆಗೂ ನಿಯಮವಿದೆ. ಕೊನೆಯ 5 ಬೈಟ್ ಯಾವಾಗಲೂ ಹೊಸದೆಂದೇ ಬರೆಯಬೇಕು. ಹಳೇದನ್ನು ಎತ್ತುವುದು ಕೊನೆಯಿಂದ 12 ಬೈಟ್ ಒಳಗೆ ಶುರುವಾಗಬಾರದು. ಬಿಚ್ಚುವವರು ವೇಗಕ್ಕಾಗಿ ದೊಡ್ಡ ದೊಡ್ಡ ತುತ್ತು ಎತ್ತುತ್ತಾರೆ, ಅಂಚಿನಿಂದ ಆಚೆ ಬೀಳದಿರಲಿ ಎಂದು ಈ ಜಾಗ. ಇದನ್ನು ಪಾಲಿಸದೆಯೂ ನನ್ನದು ನನಗೆ ಸರಿಯಾಗಿ ಬಿಚ್ಚುತ್ತಿತ್ತು. ಆದರೆ ಬೇರೆಯವರ ಪ್ರೋಗ್ರಾಂ ಒಪ್ಪಬೇಕಲ್ಲ? ಅದಕ್ಕಾಗಿ ಫ್ರೇಮ್, ಅಂದರೆ ಬ್ಲಾಕ್‌ಗಳ ಸುತ್ತಲಿನ ಹೊರ ಹೊದಿಕೆ, ಅದನ್ನೂ ಬರೆದೆ. ಮೊದಲ ನಾಲ್ಕು ಬೈಟ್ 4, 34, 77, 24. ಆಮೇಲೆ ತಲೆಬರಹ, ಅದಕ್ಕೊಂದು ತಾಳೆ ನೋಡುವ ಬೈಟ್. ಆ ಒಂದು ಬೈಟ್‌ಗಾಗಿ ಎಕ್ಸ್‌ಎಕ್ಸ್‌ಹ್ಯಾಶ್ ಎಂಬ ಇನ್ನೊಂದು ಲೆಕ್ಕವನ್ನೇ ಬರೆಯಬೇಕಾಯಿತು. ಬೈದುಕೊಂಡೇ ಬರೆದೆ. ಎಲ್ಲ ಸೇರಿ 300 ಸಾಲು ಚಿಲ್ಲರೆ. ಲಿನಕ್ಸ್‌ನ ಎಲ್‌ಜೆಡ್4 ಕಮಾಂಡ್‌ಗೆ ನನ್ನ ಫೈಲ್ ಕೊಟ್ಟೆ. ಸದ್ದಿಲ್ಲದೆ ಬಿಚ್ಚಿತು.

ಮದುವೆ ಪತ್ರಿಕೆಗಳನ್ನೆಲ್ಲ ಒಂದರ ಹಿಂದೆ ಒಂದು ಸೇರಿಸಿ ಕೊಟ್ಟರೆ ಅರ್ಧಕ್ಕೂ ಕೆಳಗೆ ಇಳಿಯಿತು. ಅದೇ ಗಂಡು ಹೆಣ್ಣಿನ ಫೋಟೊ ಕೊಟ್ಟರೆ ಒಂದಿಷ್ಟೂ ಇಳಿಯಲಿಲ್ಲ, ಕೂದಲೆಳೆಯಷ್ಟು ಹೆಚ್ಚೇ ಆಯಿತು. ಫೋಟೊ ಇರುವ ಜೆಪೆಗ್ ಫೈಲ್ ಮೊದಲೇ ಹಿಂಡಿದ್ದು. ಅದರಲ್ಲಿ ಮತ್ತೆ ಬರುವ ಮಾತು ಸಿಗುವುದಿಲ್ಲ. ಹಳೇಬೀಡಿನ ಗೋಡೆಯ ಕೆಳಸಾಲಿನ ಆನೆಗಳ ಹಾಗೆ. ದೂರದಿಂದ ಎಲ್ಲ ಒಂದೇ, ಹತ್ತಿರ ಹೋದರೆ ಒಂದರ ಹಾಗೆ ಇನ್ನೊಂದಿಲ್ಲ ಎಂದು ಗೈಡ್‌ಗಳು ತೋರಿಸುತ್ತಾರಲ್ಲ.

ಈಗ ಆ ಹುಡುಗನ ವರದಿಗೆ ಬರುತ್ತೇನೆ. ಗಿರಾಕಿಯ ಫೈಲ್ ಮುಟ್ಟುವುದು ಸರಿಯಲ್ಲ, ಗೊತ್ತು. ಆದರೂ ತಡೆಯಲಾಗಲಿಲ್ಲ, ಆಮೇಲೆ ಅಳಿಸಿಬಿಟ್ಟೆ. ಎರಡೂ ವರ್ಷದ ವರದಿಯ ಬರಹ ಮಾತ್ರ ತೆಗೆದು ಒಂದರ ಹಿಂದೆ ಒಂದು ಸೇರಿಸಿ ನನ್ನ ಪ್ರೋಗ್ರಾಂಗೆ ಕೊಟ್ಟೆ. ಎರಡನೆಯದು ಪೂರ್ತಿ ಮಾಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ! ಒಂದು ಗಂಟೆ ತಪ್ಪು ಹುಡುಕಿದೆ. ತಪ್ಪು ನನ್ನದಲ್ಲ. "ಎಷ್ಟು ಹಿಂದೆ" ಎನ್ನುವುದಕ್ಕೆ ಎರಡೇ ಬೈಟ್, ಅಂದರೆ 65,535 ಬೈಟ್ ಹಿಂದಿನವರೆಗೆ ಮಾತ್ರ ಕಣ್ಣು ಹಾಯುತ್ತದೆ. ಮದುವೆ ಪತ್ರಿಕೆಯಾದರೆ ಮೂವತ್ತು ಹಿಡಿಯುತ್ತದೆ. ವರದಿ 100 ಕೆಬಿ ದಾಟಿತ್ತು. ಎರಡನೇ ವರದಿಯ ಮೊದಲ ಸಾಲು ಓದುವಾಗ ಮೊದಲ ವರದಿಯ ಮೊದಲ ಸಾಲು ಆಗಲೇ ಕಣ್ಮರೆ. ನಕಲು ಮಾಡಿದವನಿಗೆ ಉದ್ದವೇ ರಕ್ಷೆ!

ಅಧ್ಯಾಯ ಅಧ್ಯಾಯ ಕತ್ತರಿಸಿ ಅಕ್ಕಪಕ್ಕ ಇಟ್ಟೆ. ಒಂದು ಅಧ್ಯಾಯ ಸುಮಾರು 18,000 ಬೈಟ್. ಅದರ ಜೋಡಿ ಸುಮಾರು 75 ಬೈಟ್‌ಗೆ ಇಳಿಯಿತು. ಒಂದು ಅಕ್ಷರವೂ ಬದಲಾಗಿರಲಿಲ್ಲ. 255 ಬೈಟ್‌ಗೆ ಒಂದರಂತೆ ಬರೀ 255, 255 ಎಂದು ಸಾಲು.

ನೋಡಿ, ಉದ್ದವನ್ನು ಕೇಳಿದ್ದು ಯಾರು? 60 ಪುಟಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ ಎಂದು ಮಕ್ಕಳು ನನ್ನ ಹತ್ತಿರ ಅಳುತ್ತಾರೆ. ಅಕ್ಷರ ದೊಡ್ಡದು ಮಾಡಿ, ಸಾಲಿನ ಅಂತರ ಜಾಸ್ತಿ ಮಾಡಿ ಎಂದು ಬೇಡುತ್ತಾರೆ. ನಾನೂ ಮಾಡಿಕೊಟ್ಟಿದ್ದೇನೆ. ಹೆಸರು ದೊಡ್ಡದಿರಬೇಕು, ವಿಷಯ ಹೊಸದಿರಬೇಕು, ಪುಟ ತುಂಬಿರಬೇಕು. ಇಷ್ಟೆಲ್ಲ ಕೇಳಿದರೆ ಇಪ್ಪತ್ತು ಇಪ್ಪತ್ತೊಂದು ವರ್ಷದವರು ಅಂಗಡಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ? ಮೈಗಳ್ಳರು ಎಂದು ಅವರನ್ನು ಬೈಯುವುದು ಸುಲಭ.

ಕಾಲೇಜಿನವರಿಗೆ ನನ್ನ ವಿನಂತಿ ಇಷ್ಟು. ಇಂಥ ಪುಟ್ಟ ಕೆಲಸವನ್ನೂ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಿ. ವರದಿ 10 ಪುಟ ಸಾಕು. ಇದರಲ್ಲಿ ಬುರುಡೆ ಬಿಡಲು ಆಗುವುದಿಲ್ಲ. ಹಿಂಡಿ ಬಿಚ್ಚಿದರೆ ಮೊದಲಿದ್ದ ಬೈಟ್‌ಗಳೇ ಬರಬೇಕು, ಒಂದು ಹೆಚ್ಚು ಕಡಿಮೆ ಆದರೂ ತಪ್ಪು. ಕೋಡನ್ನೂ ದುಡ್ಡು ಕೊಟ್ಟು ತಂದರೆ ಏನು ಮಾಡುವುದು ಎನ್ನುತ್ತೀರಾ? ವೈವಾ ದಿನ ಹಿಂಡಿದ ಫೈಲ್‌ನಲ್ಲಿ ಒಂದು ಬೈಟ್ ಬದಲಾಯಿಸಿ ಹುಡುಗನ ಕೈಗೆ ಕೊಡಿ. "ಎಷ್ಟು ಹಿಂದೆ" ಎನ್ನುವಲ್ಲಿ ಸೊನ್ನೆ ಹಾಕಿ ಕೊಡಿ, ಅದು ಬರಲೇಬಾರದ ಸಂಖ್ಯೆ. ಅಥವಾ ಇನ್ನೂ 20 ಬೈಟ್ ಬಿಚ್ಚಿರುವಾಗ 500 ಬೈಟ್ ಹಿಂದೆ ಹೋಗು ಎಂದು ಬರೆದು ಕೊಡಿ. ಸ್ವಂತ ಬರೆದವರು ಎಲ್ಲಿ ನಿಲ್ಲಿಸಬೇಕು ಎಂದು ಕೂಡಲೇ ತೋರಿಸುತ್ತಾರೆ. ನನ್ನ ಮೊದಲ ಪ್ರೋಗ್ರಾಂ ಅಂಥ ಫೈಲ್ ಕೊಟ್ಟರೆ ಸುಮ್ನೆ ಬಿದ್ದುಹೋಗುತ್ತಿತ್ತು.

ಪುಟ ಕಡಿಮೆಯಾದರೆ ನನ್ನ ಏಪ್ರಿಲ್, ಮೇ ಏನಾಗುತ್ತದೆ ಎಂದು ಯಜಮಾನರು ಕೇಳಿದರು. ನೋಡೋಣ ಅಂದಿದ್ದೇನೆ.

ಇದನ್ನೆಲ್ಲ ಕಲಿಯುವಾಗ ನಾನು 200 ಪುಟದ ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದೇನೆ. ಚೀಟಿ, ಹೊಸದು, ಹಳೇದು, ಎಷ್ಟು ಹಿಂದೆ, ಇವೇ ಪದಗಳು. ಹಾಸನದ ಕಡೆ ಯಾವ ಹುಡುಗ, ಹುಡುಗಿ ಬಂದರೂ ಜೆರಾಕ್ಸ್ ಮಾಡಿಕೊಳ್ಳಬಹುದು, ದುಡ್ಡು ಬೇಡ. ಜೊತೆಗೆ ಪರೀಕ್ಷೆ ಮಾಡಲು ಮದುವೆ ಪತ್ರಿಕೆಗಳ ಒಂದು ಫೈಲ್ ಕೊಡುತ್ತೇನೆ. ಹೆಸರು, ಊರು ಎಲ್ಲ ಬದಲಾಯಿಸಿದ್ದೇನೆ. 60 ಅಡ್ಡಗೆರೆ ಮಾತ್ರ ಹಾಗೇ ಬಿಟ್ಟಿದ್ದೇನೆ. ಕೋಡ್ ಕೊಡುವುದಿಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಹಾಸನ